ಖಂಡೇ ಪೂಜೆಯಲ್ಲಿ ಕಳೆದುಹೋದ ಪೇಟೆಂಟ್

ಕೊರೊನಾ ಕಾಟ ಮುಗಿದು, ಜನ ಮಾಸ್ಕನ್ನು ಕಿಸೆಯಲ್ಲಿ ಇಟ್ಟುಕೊಂಡು ತಿರುಗುವುದನ್ನೂ ಬಿಟ್ಟ ವರ್ಷ ಅದು. ನಾನು ಆಗ ಹುಬ್ಬಳ್ಳಿಯ ನವನಗರದಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಆಫೀಸು ಮಾಡಿಕೊಂಡು, ವಕೀಲಿಯ ಜೊತೆಗೆ ಪೇಟೆಂಟ್ ಏಜೆಂಟ್ ಕೆಲಸವನ್ನೂ ನೋಡುತ್ತಿದ್ದೆ. ಮನೆ ಮಾಳಮಡ್ಡಿಯಲ್ಲಿ. ಪೇಟೆಂಟ್ ಏಜೆಂಟ್ ಎಂದರೆ, ಯಾರಾದರೂ ಹೊಸದೊಂದನ್ನು ಕಂಡುಹಿಡಿದರೆ ಅದನ್ನು ಕಾನೂನಿನ ಭಾಷೆಯಲ್ಲಿ ಬರೆದು ಪೇಟೆಂಟ್ ಕಚೇರಿಗೆ ಸಲ್ಲಿಸುವವಳು. ಅದಕ್ಕೆ ವಿಜ್ಞಾನದ ಪದವಿ ಬೇಕು, ಸರ್ಕಾರದ ಪರೀಕ್ಷೆ ಪಾಸಾಗಿರಬೇಕು. ನನಗೆ ಎರಡೂ ಇದ್ದವು. ಬುದ್ಧಿ ಇತ್ತೋ ಇಲ್ಲವೋ ಎಂಬುದನ್ನು ಇದನ್ನು ಓದಿ ನೀವೇ ಹೇಳಿ.

ಈಗ ನಾನು ನಿವೃತ್ತೆ. ವಾರಕ್ಕೆರಡು ದಿನ ಬಿಬಿಎ ಹುಡುಗ-ಹುಡುಗಿಯರಿಗೆ ಬೌದ್ಧಿಕ ಆಸ್ತಿ ಕಾನೂನು ಕಲಿಸುತ್ತೇನೆ. ಪ್ರತಿ ವರ್ಷ ಮೊದಲ ದಿನವೇ ಒಬ್ಬ ಶಾಣ್ಯಾ ಎದ್ದು ನಿಂತು, "ಮೇಡಂ, ಪರೀಕ್ಷಾಕ್ಕ ಇದರಾಗ ಯಾವುದು ಇಂಪಾರ್ಟೆಂಟ್?" ಎಂದು ಕೇಳುತ್ತಾನೆ. ಅವನ ಕಿವಿ ಹಿಂಡಬೇಕು ಅನಿಸುತ್ತದೆ. ಹಿಂಡುವುದಿಲ್ಲ. ಗುರುಸಿದ್ಧಪ್ಪನ ಪ್ರಕರಣ ಹೇಳುತ್ತೇನೆ. ಹೆಸರು ಬದಲಿಸಿದ್ದೇನೆ, ಉಳಿದದ್ದು ನಡೆದದ್ದು ನಡೆದ ಹಾಗೆ.

ದಸರೆಗೆ ಇನ್ನೂ ಐದಾರು ದಿನ ಇತ್ತು. ಶಿರಗುಪ್ಪಿಯಲ್ಲಿ ರಸ್ತೆ ಬದಿಗೆ ಲೇಥ್ ಶೆಡ್ ಇಟ್ಟುಕೊಂಡಿದ್ದ ಗುರುಸಿದ್ಧಪ್ಪ, ಹೆಂಡತಿ ನೀಲವ್ವನ ಜೊತೆ ನನ್ನ ಆಫೀಸಿಗೆ ಬಂದ. ನಲವತ್ತರ ಆಸುಪಾಸಿನ ವಯಸ್ಸು, ಹಣೆಯ ಮೇಲೆ ವಿಭೂತಿ, ಉಗುರಿನ ಸಂದಿಯಲ್ಲಿ ಗ್ರೀಸು. ಕುರ್ಚಿಯ ತುದಿಗೆ ಕೂತು ಹೇಳಿದ, "ಮೇಡಂ, ನಾ ಒಂದ ಮಷಿನ್ ಮಾಡೇನ್ರಿ. ಯಾರೂ ಕದೀಬಾರದಂಗ ಒಂದ ಕಾಗದ ಮಾಡಿಕೊಡ್ರಿ."

ಅದು ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರ. ಬ್ಯಾಡಗಿ ಕಡೆ ಸುಗ್ಗಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೂತು ಕೈಯಿಂದಲೇ ತೊಟ್ಟು ಮುರಿಯುತ್ತಾರೆ. ನೀಲವ್ವನೂ ಮದುವೆಯಾದ ಹೊಸದರಲ್ಲಿ ಅದೇ ಕೆಲಸಕ್ಕೆ ಹೋಗುತ್ತಿದ್ದವಳು. ಖಾರ ಚರ್ಮದೊಳಗೆ ಇಳಿದು, ಮನೆಗೆ ಬಂದು ಕೂಸಿನ ಗಲ್ಲ ಮುಟ್ಟಿದರೆ ಕೂಸು ಕಿಟಾರನೆ ಕಿರುಚುತ್ತಿತ್ತಂತೆ. "ನನ್ನ ಕೂಸನ್ನ ನಾನ ಮುಟ್ಟಾಕ ಬರ್ತಿದ್ದಿಲ್ರಿ ಅಕ್ಕಾರ" ಅಂದಳು ನೀಲವ್ವ. ಅವತ್ತಿನಿಂದ ಗುರುಸಿದ್ಧಪ್ಪ ಹಠಕ್ಕೆ ಬಿದ್ದ. ಏಳು ವರ್ಷ, ಹನ್ನೊಂದು ಮಾದರಿ. ಹತ್ತು ಕೆಟ್ಟವು, ಹನ್ನೊಂದನೆಯದು ಗೆದ್ದಿತು.

ಒಂದಕ್ಕೊಂದು ಎದುರು ತಿರುಗುವ ಎರಡು ರಬ್ಬರ್ ರೋಲರ್. ತೊಟ್ಟು ಅವುಗಳ ನಡುವೆ ಸಿಕ್ಕು ಮುರಿಯುತ್ತದೆ, ಕಾಯಿ ಒಡೆಯದೆ ಈಚೆ ಉಳಿಯುತ್ತದೆ. ಅದಕ್ಕೂ ಮುಖ್ಯವಾದದ್ದು ರೋಲರ್ ಹಿಂದಿನ ಒಂದು ಸ್ಪ್ರಿಂಗ್. ದಪ್ಪ ಕಾಯಿ ಬಂದರೆ ರೋಲರ್ ತಾನೇ ಹಿಂದೆ ಸರಿದು ಜಾಗ ಕೊಡುತ್ತದೆ. ಅವನು ಕಾಗದದ ಮೇಲೆ ಗೀಚಿ ತೋರಿಸಿದಾಗ ನನಗೆ ಮೈ ಜುಂ ಅಂದಿತು. ಇಪ್ಪತ್ತು ವರ್ಷದಲ್ಲಿ ನನ್ನ ಟೇಬಲ್ಲಿಗೆ ಬಂದದ್ದು ಬರೀ ಹಪ್ಪಳ, ಮಸಾಲೆಪುಡಿಯ ಹೆಸರುಗಳು. ಖರೇ ಆವಿಷ್ಕಾರ ಅಂತ ಬಂದದ್ದು ಇದೊಂದೇ.

ಅವರಿಬ್ಬರಿಗೂ ನಾನು ಪಾಠ ಮಾಡಿದೆ. ಒಂದೇ ಮಷಿನ್ನಿನಲ್ಲಿ ನಾಲ್ಕು ತರಹದ ಆಸ್ತಿ ಇರುತ್ತದೆ ಅಂತ. ಅದಕ್ಕಿಡುವ ಹೆಸರು ಟ್ರೇಡ್‌ಮಾರ್ಕ್. ಬೇರೆಯವರ ಮಾಲಿನಿಂದ ನಿಮ್ಮ ಮಾಲನ್ನು ಗುರುತಿಸಲಿಕ್ಕೆ. ಹೊರಗಿನ ಆಕಾರ, ನೋಟ ಹೊಸದಿದ್ದರೆ ಅದು ಡಿಸೈನ್. ನೀವು ಬರೆದ ನಕ್ಷೆ, ಬಳಸುವ ವಿಧಾನದ ಪುಸ್ತಿಕೆ ಕಾಪಿರೈಟ್. ಅದು ಬರೆದ ಗಳಿಗೆಯಿಂದಲೇ ನಿಮ್ಮದು, ನೋಂದಣಿಗೆ ಕಾಯಬೇಕಿಲ್ಲ. ಆದರೆ ಮಷಿನ್ ಹೇಗೆ ಕೆಲಸ ಮಾಡುತ್ತದೆ ಎಂಬ ಒಳಗಿನ ಯುಕ್ತಿ ಇದೆಯಲ್ಲ, ಅದನ್ನು ಕಾಯುವುದು ಪೇಟೆಂಟ್ ಒಂದೇ. ಇಪ್ಪತ್ತು ವರ್ಷ ಬೇರೆ ಯಾರೂ ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಬದಲಿಗೆ ನೀವು ಆ ಯುಕ್ತಿಯನ್ನು ಪೂರ್ತಿ ಬರೆದು ಸರ್ಕಾರಕ್ಕೆ ಕೊಡಬೇಕು. ಒಂದೇ ಷರತ್ತು: ಅರ್ಜಿ ಹಾಕುವ ದಿನ ಅದು ಲೋಕಕ್ಕೆ ಹೊಸದಾಗಿರಬೇಕು.

"ಅಲ್ಲಿತನ ಯಾರಿಗೂ ತೋರಸಬ್ಯಾಡ್ರಿ" ಅಂದೆ.

"ಹಂಗಾದ್ರ ಹಬ್ಬಕಿಂತ ಮೊದಲ ಕಾಗದ ಆದ್ರ ಛಲೋ ಅಲ್ರಿ?" ಅಂದ ಗುರುಸಿದ್ಧಪ್ಪ.

ಅವನಿಗೆ ತಿಳಿದಿತ್ತು ನೋಡಿ. ನನಗೆ ತಿಳಿಯಲಿಲ್ಲ. ಪ್ರೊವಿಜನಲ್ ಅರ್ಜಿ ಅಂತ ಒಂದಿದೆ. ಪೂರ್ತಿ ವಿವರ ಇಲ್ಲದಿದ್ದರೂ ನಡೆಯುತ್ತದೆ. ಯುಕ್ತಿಯ ತಿರುಳು ಬರೆದು ಹಾಕಿದರೆ ಆ ದಿನದ ತಾರೀಖು ನಿಮ್ಮದಾಗುತ್ತದೆ, ಉಳಿದದ್ದನ್ನು ಒಂದು ವರ್ಷದೊಳಗೆ ಕೊಡಬಹುದು. ಕೂತರೆ ಎರಡು ದಿನದ ಕೆಲಸ. ಆದರೆ ನಮ್ಮ ಮನೆಗೆ ಅತ್ತಿಗೆ, ನಾದಿನಿ ಎಲ್ಲಾ ಬರುವವರಿದ್ದರು, ನಕ್ಷೆ ಬಿಡಿಸುವವನು ರಜೆಯಲ್ಲಿದ್ದ, ನನಗೂ ಸಾಕಾಗಿತ್ತು. "ಹಬ್ಬ ಆಗಲಿ ತಡೀರಿ, ಹತ್ತ ದಿವಸದಾಗ ಆಕಾಶ ಏನ್ ಕಳಚಿ ಬೀಳಂಗಿಲ್ಲ" ಅಂದೆ. ಗಂಡ-ಹೆಂಡತಿ ನಕ್ಕು ಎದ್ದರು. ಹೋಗುವಾಗ ನೀಲವ್ವ, "ಖಂಡೇ ಪೂಜಿಗೆ ನೀವ ಬರಬೇಕ್ರಿ ಅಕ್ಕಾರ, ತಪ್ಪಸಬ್ಯಾಡ್ರಿ" ಎಂದು ಕೈ ಹಿಡಿದು ಕರೆದಳು.

ಹೋದೆ. ಹೋಗಿದ್ದು ನಾನೇ.

ನವಮಿಯ ದಿನ ನಮ್ಮ ಕಡೆ ಹತ್ಯಾರಗಳಿಗೆಲ್ಲ ಪೂಜೆ, ಅದೇ ಖಂಡೇ ಪೂಜೆ. ಲೇಥು, ಡ್ರಿಲ್ಲು, ಸುತ್ತಿಗೆ, ಪಾನಾ ಎಲ್ಲ ತೊಳೆದು ಶೆಡ್ಡಿನ ಮುಂದೆ ಸಾಲಾಗಿ ಇಟ್ಟಿದ್ದರು. ನಡುವೆ ಹೊಸ ಮಷಿನ್, ಚೆಂಡುಹೂವಿನ ಮಾಲೆ ಹಾಕಿಕೊಂಡು ಮದುಮಗಳಂತೆ ನಿಂತಿತ್ತು. ಓಣಿಯ ಮಂದಿ, ಬೀಗರು, ಅಡತಿ ಅಂಗಡಿಯವರು, ನೂರರ ಮೇಲೆ ಜನ. ಹೊಸ ಯಂತ್ರ ಬಂದರೆ ಪೂಜೆಯ ದಿನ ಹತ್ತು ಮಂದಿಯ ಮುಂದೆ ಅದನ್ನು ನಡೆಸಿ ತೋರಿಸುವುದು ರೂಢಿ. ಅದನ್ನು ಯಾರೂ ಪ್ರದರ್ಶನ ಅನ್ನುವುದಿಲ್ಲ. ಅದು ದೇವರ ಕಾರ್ಯ.

ಗುರುಸಿದ್ಧಪ್ಪ ಮುಚ್ಚಳ ಮುಚ್ಚಿಯೇ ಇಟ್ಟಿದ್ದ. ಅವನ ತಾಯಿ ಗಂಗವ್ವ ವಿಭೂತಿ ಹಿಡಿದು ಬಂದು, ಮಷಿನ್ನಿನ ಮೇಲ್ಮೈ ನೋಡಿ ಮುಖ ಕಿವುಚಿದರು. "ಬರೇ ತಗಡಿಗೆ ಹಚ್ಚೂದನ? ಕೆಲಸಾ ಮಾಡೂದು ಒಳಗಿಂದಲ್ಲ? ತಗೀ ಅದನ್ನ" ಅಂದರು. ಅವನು ನನ್ನ ಮುಖ ನೋಡಿದ. ಆ ನೋಟ ನನಗೆ ಈಗ ಅರ್ಥವಾಗುತ್ತದೆ, ಆಗ ಆಗಲಿಲ್ಲ. ನಾನು ನಕ್ಕು, "ತಗೀರಿ ತಗೀರಿ, ಅವ್ವಾರು ಖರೇನ ಹೇಳ್ತಾರ" ಅಂದುಬಿಟ್ಟೆ.

ಮುಚ್ಚಳ ತೆಗೆದ. ಗಂಗವ್ವ ಎರಡೂ ರೋಲರ್‌ಗಳಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ತೆಂಗಿನಕಾಯಿ ಒಡೆದು ಸ್ವಿಚ್ ಹಾಕಲು ನನ್ನನ್ನೇ ಕರೆದರು. ಎರಡು ಸೇರು ಮೆಣಸಿನಕಾಯಿ ಸುರಿದರು. ತೊಟ್ಟು ಒಂದು ಕಡೆ, ಕಾಯಿ ಒಂದು ಕಡೆ. ಹೆಂಗಸರು "ಅಯ್ಯ ನಮ್ಮವ್ವ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನೀಲವ್ವ ಮೊಬೈಲ್ ಹಿಡಿದು ಎಲ್ಲವನ್ನೂ ಚಿತ್ರೀಕರಿಸುತ್ತ ಅಳುತ್ತಿದ್ದಳು. ನನಗೆ ಉಡಿ ತುಂಬಿ, ಖಣ ಕೊಟ್ಟು, ಹೋಳಿಗೆ ಉಣ್ಣಿಸಿ ಕಳಿಸಿದರು. ಹನ್ನೊಂದು ದಿನ ಬಿಟ್ಟು ಅರ್ಜಿ ಹಾಕಿದೆ.

ಮೊದಲ ವರ್ಷ ಎಲ್ಲಾ ಛಲೋ ನಡೆಯಿತು. ಶೆಡ್ಡಿನಲ್ಲಿ ಆರು ಮಂದಿ ಕೆಲಸಕ್ಕೆ ಬಂದರು, ಮೂವತ್ತಾರು ಮಷಿನ್ ಹೋದವು. ನಡುವೆ ಗಂಗವ್ವ ತೀರಿಕೊಂಡರು. ಮುಂದಿನ ಸುಗ್ಗಿಗೆ ಪೇಟೆಯಲ್ಲಿ ಒಂದು ನೀಲಿ ಮಷಿನ್ ಬಂತು. ಹೊರರಾಜ್ಯದ ದೊಡ್ಡ ಕಂಪನಿಯದು. ಬಣ್ಣ ಬೇರೆ, ಹೆಸರು ಬೇರೆ. ಒಳಗೆ ಅದೇ ರೋಲರ್, ಅದೇ ಸ್ಪ್ರಿಂಗ್. ಕಂಪನಿ ಒಂದು ತಿಂಗಳಲ್ಲಿ ಮಾಡುವಷ್ಟನ್ನು ಇವನು ಎರಡು ವರ್ಷ ದುಡಿದರೂ ಮಾಡಲಾರ. ಆರ್ಡರ್ ನಿಂತವು. ಆರು ಮಂದಿಯಲ್ಲಿ ಮೂವರು ಬೇರೆ ಕಡೆ ಹೋದರು. ಗುರುಸಿದ್ಧಪ್ಪ ಬಂದು ಕೂತರೆ ನಾನು ಎದೆ ತಟ್ಟಿ ಹೇಳುತ್ತಿದ್ದೆ, "ಪೇಟೆಂಟ್ ಮಂಜೂರ ಆಗೂತನ ತಡೀರಿ. ಆದ ಮರುದಿನ ಅವರ ಮಷಿನ್ ಎಲ್ಲಾ ನಿಲ್ಲಸ್ತೇನಿ." ಮಂಜೂರಾಗುವ ತನಕ ಯಾರ ಮೇಲೂ ದಾವೆ ಹಾಕಲು ಬರುವುದಿಲ್ಲ. ಅವನಿಗೆ ಇದ್ದದ್ದು ಅದೊಂದೇ ಆಸರೆ, ನನ್ನ ಆ ಮಾತು.

ಆಮೇಲೆ ಕಂಪನಿಯ ಕಡೆಯಿಂದ ಆಕ್ಷೇಪಣೆ ಬಂತು. ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ, ಇದು ಹೊಸದಲ್ಲ ಎಂದು ತಕರಾರು ಹಾಕಬಹುದು. ಪೇಟೆಂಟ್ ಕಾಯ್ದೆಯ ಇಪ್ಪತ್ತೈದನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಮಧ್ಯಾಹ್ನ ಊಟ ಮಾಡಿ ಬಂದು, ಅವರು ಕೊಟ್ಟ ದಾಖಲೆಗಳನ್ನು ಒಂದೊಂದಾಗಿ ತೆರೆದೆ. ಮೂರನೆಯದು ಒಂದು ವಿಡಿಯೋ. ನಾಲ್ಕು ನಿಮಿಷದ್ದು. ಹಬ್ಬದ ದಿನವೇ ನೀಲವ್ವ ಫೇಸ್‌ಬುಕ್ಕಿಗೆ ಹಾಕಿದ್ದು.

ಹಸಿರು ಇಳಕಲ್ ಸೀರೆ ಉಟ್ಟು, ಮಷಿನ್ ಪಕ್ಕ ನಿಂತು, ಹಲ್ಲು ಕಿಸಿಯುತ್ತಿದ್ದವಳು ನಾನು!

ಅಷ್ಟಕ್ಕೇ ವಿಡಿಯೋ ನಿಲ್ಲಿಸಿದೆ. ಅರ್ಜಿ ಹಾಕುವ ಮೊದಲು ಆವಿಷ್ಕಾರವನ್ನು ಸಾರ್ವಜನಿಕವಾಗಿ ಬಳಸಿದರೆ, ತೋರಿಸಿದರೆ, ಹೊಸತನ ಹೋಯಿತು. ಯಾರು ತೋರಿಸಿದರು ಎಂಬುದು ಲೆಕ್ಕಕ್ಕಿಲ್ಲ, ತಾನೇ ತೋರಿಸಿದರೂ ಹೋಯಿತು. ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದರೆ ಒಂದು ವರ್ಷದ ರಿಯಾಯಿತಿ ಇದೆ. ಖಂಡೇ ಪೂಜೆಗೆ ರಿಯಾಯಿತಿ ಇಲ್ಲ. ಡಿಸೈನ್ ಕಾನೂನಿಗೂ ಇದೇ ಹೊಸತನದ ಷರತ್ತು. ಕಾಪಿರೈಟ್ ನಕ್ಷೆಯನ್ನು ಕಾಯುತ್ತದೆ, ಅದರಿಂದ ಮಷಿನ್ ಮಾಡುವುದನ್ನು ತಡೆಯುವುದಿಲ್ಲ. ಟ್ರೇಡ್‌ಮಾರ್ಕ್ ಹೆಸರನ್ನು ಕಾಯುತ್ತದೆ. ಕಂಪನಿಗೆ ಇವನ ಹೆಸರು ಬೇಕಾಗಿರಲಿಲ್ಲ. ನಾನು ಅವರಿಬ್ಬರಿಗೆ ಎಣಿಸಿ ಹೇಳಿದ್ದ ನಾಲ್ಕೂ ಬಾಗಿಲು ಒಂದೊಂದಾಗಿ ಮುಚ್ಚಿದವು.

ಗುರುಸಿದ್ಧಪ್ಪ, ನೀಲವ್ವ ಬಂದರು. ವಿಡಿಯೋ ಅಂದ ಕೂಡಲೇ ನೀಲವ್ವ ನೆಲಕ್ಕೆ ಕುಸಿದಳು. "ನಾನ ಹಾಕಿದ್ದು, ನಾನ ನನ್ನ ಗಂಡನ ಬಾಯಾಗ ಮಣ್ಣ ಹಾಕಿದೆ" ಎಂದು ತಲೆ ತಲೆ ಬಡಿದುಕೊಂಡಳು. ನಾನು ಅವಳಿಗೆ ನೀರು ಕೊಟ್ಟೆ. ಸಮಾಧಾನ ಹೇಳಿದೆ. ಆದರೆ ಹೇಳಬೇಕಾದದ್ದನ್ನು ಹೇಳಲಿಲ್ಲ. ವಿಡಿಯೋ ಇರದಿದ್ದರೂ ನೂರು ಜನ ನೋಡಿದ್ದೇ ಸಾಕಿತ್ತು, ಆ ಮುಚ್ಚಳ ತೆಗೆಯಿರಿ ಅಂದವಳು ನಾನು, ಹಬ್ಬ ಆಗಲಿ ಅಂದವಳೂ ನಾನು. ಎಂಟು ದಿನ ಬಾಯಿ ಬಿಡಲಿಲ್ಲ. ಆ ಎಂಟು ದಿನ ಅವಳು ಸರಿಯಾಗಿ ಊಟ ಮಾಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ನನಗೆ ಮುಖ ಎತ್ತಿ ಯಾರನ್ನಾದರೂ ನೋಡುವ ಯೋಗ್ಯತೆ ಉಳಿದಿರಲಿಲ್ಲ, ಆದರೂ ದಿನಾ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಿದ್ದೆ.

ಒಂದು ಕಿಂಡಿ ಕಂಡಿತು. ಪೇಟೆಂಟ್ ಅರ್ಜಿಯಲ್ಲಿ ಕ್ಲೇಮು ಅಂತ ಇರುತ್ತವೆ. "ಇಷ್ಟು ನನ್ನದು" ಎಂದು ಹಾಕುವ ಬೇಲಿ. ಅದನ್ನು ಆಮೇಲೆ ಹಿಗ್ಗಿಸಲು ಬರುವುದಿಲ್ಲ, ಕುಗ್ಗಿಸಬಹುದು. ರೋಲರ್ ಬಿಟ್ಟುಕೊಟ್ಟು ಬರೀ ಸ್ಪ್ರಿಂಗಿನ ವ್ಯವಸ್ಥೆಗೆ ಬೇಲಿ ಹಾಕಿದರೆ? ವಿಡಿಯೋದಲ್ಲಿ ಸ್ಪ್ರಿಂಗ್ ಕಾಣದಿದ್ದರೆ ಅದು ಇನ್ನೂ ಹೊಸದೇ. ಅವತ್ತು ಅರ್ಧಕ್ಕೇ ನಿಲ್ಲಿಸಿದ್ದ ವಿಡಿಯೋವನ್ನು ಕೈಯಲ್ಲಿ ಜೀವ ಹಿಡಿದು ಮೊದಲಿನಿಂದ ನೋಡಿದೆ. ಮೊದಲ ನಿಮಿಷ ಕಾಣಲಿಲ್ಲ. ಎರಡನೇ ನಿಮಿಷ ಕಾಣಲಿಲ್ಲ. ಮೂರನೇ ನಿಮಿಷದಲ್ಲಿ ನನ್ನದೇ ದನಿ ಕೇಳಿತು: "ಗುರುಸಿದ್ಧಪ್ಪ, ಹಿಂದ ಅದೇನಂತ ಇವರಿಗೂ ಹೇಳ್ರಿ." ಅವನು ಹೆಮ್ಮೆಯಿಂದ ಬೆರಳಿಟ್ಟು ಹೇಳುತ್ತಾನೆ, "ಸ್ಪ್ರಿಂಗ್ ರೀ. ಕಾಯಿ ದಪ್ಪ ಬಂದ್ರ ರೋಲರ್ ಹಿಂದ ಸರೀತೈತಿ, ಒಡಿಯಂಗಿಲ್ಲ." ಯಾರೂ ಕೇಳಿರಲಿಲ್ಲ. ನಾನೇ ಕೇಳಿದ್ದೆ.

ಲ್ಯಾಪ್‌ಟಾಪ್ ಮುಚ್ಚಿ ಗೊಳೋ ಎಂದು ಅತ್ತೆ. ಅತ್ತು ಮುಗಿದ ಮೇಲೆ, ನನ್ನ ವೃತ್ತಿಯಲ್ಲಿ ಎಂದೂ ಮಾಡದ ಕೆಲಸಕ್ಕೆ ಇಳಿದೆ. ಗುರುಸಿದ್ಧಪ್ಪನ ಹೆಸರಿನಲ್ಲಿ ಒಂದು ಅಫಿಡವಿಟ್ ಬರೆದೆ. ಪ್ರಮಾಣ ಮಾಡಿ ಹೇಳುವ ಹೇಳಿಕೆ ಅದು. ವಿಡಿಯೋದಲ್ಲಿರುವುದು ಈ ಮಷಿನ್ ಅಲ್ಲ, ಹಳೆಯ ಮಾದರಿ, ಅದರ ಸ್ಪ್ರಿಂಗ್ ಬೇರೆ ತರಹದ್ದು, ಅರ್ಜಿಯಲ್ಲಿರುವ ವ್ಯವಸ್ಥೆ ಪೂಜೆಯ ನಂತರ ಹೊಳೆದದ್ದು ಅಂತ. ಶುದ್ಧ ಖೊಟ್ಟಿ. ಹನ್ನೊಂದು ಮಾದರಿ ಮಾಡಿದ್ದನಲ್ಲ, ನಂಬಿಸಬಹುದಿತ್ತು. ಅವನನ್ನು ಉಳಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಅಂದರೆ ನನ್ನ ತಪ್ಪು ಮುಚ್ಚಲಿಕ್ಕೆ.

ಸಹಿಗೆ ಇಬ್ಬರನ್ನೂ ಕರೆಸಿದೆ. ಗುರುಸಿದ್ಧಪ್ಪ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಅದರ ಕನ್ನಡ ಪ್ರತಿಯನ್ನು ನಿಧಾನವಾಗಿ ಓದಿದ. ನೀಲವ್ವ ಪೆನ್ನು ಅವನ ಕೈಗೆ ಹಿಡಿಸಿದಳು. ಅವನು ಪೆನ್ನು ಕೆಳಗಿಟ್ಟ.

"ಇದು ಬ್ಯಾರೆ ಮಷಿನ್ ಅಂತ ಬರದೀರಲ್ರಿ ಮೇಡಂ."

"ಹೂಂ. ಹಂಗ ಅನದಿದ್ರ ಉಳಿಯೂದುಲ್ಲ."

"ನಮ್ಮವ್ವ ವಿಭೂತಿ ಹಚ್ಚಿದ್ದು ಈ ಮಷಿನ್ನಿಗೇ ರೀ. ಆಕಿ ಹಚ್ಚಿದ ಕಡೀ ವಿಭೂತಿ ಅದು. ಅದು ಬ್ಯಾರೇದಕ್ಕ ಹಚ್ಚಿದ್ದು ಅಂತ ಪ್ರಮಾಣ ಮಾಡಲಿ? ನನ್ನ ಕಡಿಂದ ಆಗಂಗಿಲ್ರಿ."

"ಮಾಡ್ರಿ, ನಿಮ್ಮ ಕಾಲ ಹಿಡೀತೇನಿ" ಎಂದು ನೀಲವ್ವ ಅವನ ತೋಳು ಜಗ್ಗಿದಳು. "ಎಲ್ಲಾ ನನ್ನಿಂದ ಆಗೇತಿ, ಆ ಪಾಪಾ ನಾ ಹೊರತೇನಿ."

ಆಗ ನಾನು ಬಾಯಿ ಬಿಟ್ಟೆ. "ನಿಮ್ಮಿಂದ ಆಗಿಲ್ಲ ನೀಲವ್ವ. ನನ್ನಿಂದ ಆಗ್ಯದ" ಅಂದೆ. ಎಲ್ಲವನ್ನೂ ಹೇಳಿದೆ. ಎರಡು ದಿನದ ಕೆಲಸವನ್ನು ಮುಂದೂಡಿದ್ದು, ಮುಚ್ಚಳ ತೆಗೆಸಿದ್ದು, ಸ್ಪ್ರಿಂಗ್ ಬಗ್ಗೆ ಕೇಳಿದ್ದು, ಎಂಟು ದಿನ ಸುಮ್ಮನಿದ್ದು ಅವಳನ್ನು ಬೇಯಿಸಿದ್ದು. ನನ್ನ ಮೇಲೆ ದೂರು ಕೊಡಬಹುದು, ಬೇರೆ ವಕೀಲರನ್ನು ಹಿಡಿಯಬಹುದು, ಫೈಲ್ ಪೂರ್ತಿ ಕೊಡುತ್ತೇನೆ ಅಂದೆ. ನೀಲವ್ವ ನನ್ನನ್ನು ಒಂದು ಥರಾ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಎದ್ದು ಹೊರಗೆ ಹೋದಳು. ಮುಂದೆ ಆಕೆ ನನ್ನ ಆಫೀಸಿನ ಮೆಟ್ಟಿಲು ಹತ್ತಲಿಲ್ಲ.

ಗುರುಸಿದ್ಧಪ್ಪ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡ. "ಅವತ್ತ ನಿಮ್ಮ ಮಾರಿ ನೋಡಿದ್ನಿರಿ" ಅಂದ. "ನೀವು ಬ್ಯಾಡ ಅಂದಿದ್ರ ನಮ್ಮವ್ವನ್ನ ಹೆಂಗರ ಒಪ್ಪಸ್ತಿದ್ದೆ."

ನಾನು ಮತ್ತೆ ಬೇರೆ ವಕೀಲರ ಮಾತು ಎತ್ತಿದರೆ, "ಮತ್ತ ಮೊದಲಿಂದ ಎಲ್ಲಾ ಹೇಳೂ ತ್ರಾಣ ಇಲ್ರಿ ನನಗ, ನೀವ ನಡಸ್ರಿ" ಅಂದ. ಅಫಿಡವಿಟ್ಟನ್ನು ಅವನ ಮುಂದೆಯೇ ಹರಿದು ಹಾಕಿದೆ.

ವಿಚಾರಣೆ ವಿಡಿಯೋ ಕಾನ್ಫರೆನ್ಸಿನಲ್ಲಿ ನಡೆಯಿತು. ನನ್ನ ಪಕ್ಕದ ಕುರ್ಚಿಯಲ್ಲಿ ಅವನು ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ತೀರ್ಮಾನ ಮಾಡುವ ಅಧಿಕಾರಿಗೆ ಕಂಟ್ರೋಲರ್ ಅನ್ನುತ್ತಾರೆ. ಅವರು ನೇರವಾಗಿ ಕೇಳಿದರು, ವಿಡಿಯೋದಲ್ಲಿರುವುದು ಇದೇ ಯಂತ್ರವೇ? ಹೌದು ಅಂದೆ. ಬಂದವರು ಕರೆದ ಅತಿಥಿಗಳು, ಮನೆಯವರ ಹಾಗೆ, ಅದನ್ನು ಸಾರ್ವಜನಿಕ ಅನ್ನಲಾಗದು ಎಂದು ಕೊನೆಯ ದಾರ ಹಿಡಿದು ವಾದಿಸಿದೆ. ಕಂಪನಿಯ ವಕೀಲ ಒಂದೇ ಪ್ರಶ್ನೆ ಹಾಕಿದ: ಇದನ್ನು ಗುಟ್ಟಾಗಿಡಿ ಎಂದು ಅವರಲ್ಲಿ ಒಬ್ಬರಿಗಾದರೂ ಹೇಳಿದ್ದಿರಾ? ಹಬ್ಬಕ್ಕೆ ಕರೆದವರಿಗೆ ಯಾರು ಹಾಗೆ ಹೇಳುತ್ತಾರೆ! ಇಲ್ಲ ಅಂದೆ. ಗುರುಸಿದ್ಧಪ್ಪನಿಗೆ ಇಂಗ್ಲಿಷ್ ತಿಳಿಯದು, ಆದರೆ ನನ್ನ ಮುಖ ನೋಡಿ ಆತನಿಗೆ ತಿಳಿಯಿತು.

ಐದು ವಾರಕ್ಕೆ ಆದೇಶ ಬಂತು. ಅರ್ಜಿ ತಿರಸ್ಕೃತ. ಅವರು ಬರೆದದ್ದರಲ್ಲಿ ತಪ್ಪಿಲ್ಲ, ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಹೈಕೋರ್ಟಿಗೆ ಅಪೀಲು ಹೋಗಲು ಅವನು ಒಪ್ಪಲಿಲ್ಲ. ಆ ದೀಪಾವಳಿಯೊಳಗೆ ಶೆಡ್ಡು ಮುಚ್ಚಿತು, ಲೇಥು ಇನ್ನೊಬ್ಬರ ಪಾಲಾಯಿತು.

ಈ ಕೆಲಸ ನನಗೆ ಕಲಿಸಿದ್ದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬಂದವರನ್ನು ನಾವು "ಏನು ಮಾಡೀರಿ?" ಎಂದು ಕೇಳುತ್ತೇವೆ. ಅದಕ್ಕೂ ಮೊದಲು "ಇಲ್ಲಿವರೆಗೆ ಯಾರ ಯಾರ ಕಣ್ಣಿಗೆ ಬಿದ್ದದ, ಇನ್ನ ಯಾವಾಗ ಬೀಳೂದದ?" ಎಂದು ಕೇಳಬೇಕು. ಹಬ್ಬ, ಮದುವೆ, ಮುಹೂರ್ತ, ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನ, ಮೊಬೈಲ್ ಸ್ಟೇಟಸ್, ಎಲ್ಲವನ್ನೂ ಹೆಸರಿಟ್ಟು ಕೇಳಬೇಕು. "ಯಾರಿಗೂ ತೋರಿಸಬೇಡಿ" ಅಂದರೆ ನಮ್ಮ ಜನಕ್ಕೆ ವೈರಿಗಳಿಗೆ ತೋರಿಸಬೇಡಿ ಅಂತ ಮಾತ್ರ ಅರ್ಥ. ತಮ್ಮವರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಅವರ ದೋಷ ಅಲ್ಲ, ಬಿಡಿಸಿ ಹೇಳದ ನಮ್ಮ ದೋಷ. ನಾವು ಬರೆಯುವ ಅರ್ಜಿ ನಮಗೆ ಒಂದು ಫೈಲ್. ಅದನ್ನು ನಾಳೆಗೆ ತಳ್ಳಿದರೆ ನಮಗೇನೂ ಆಗುವುದಿಲ್ಲ.

ಹೋದ ವರ್ಷ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾತ "ನಮಸ್ಕಾರ್ರಿ ಮೇಡಂ" ಅಂದ. ನೀಲಿ ಅಂಗಿ, ಕಿಸೆಯ ಮೇಲೆ ಆ ಕಂಪನಿಯ ಹೆಸರು, ಕೈಯಲ್ಲಿ ಹತ್ಯಾರದ ಚೀಲ. ಗುರುಸಿದ್ಧಪ್ಪ. ಕಂಪನಿಯಲ್ಲಿ ಸರ್ವಿಸ್ ಮೆಕ್ಯಾನಿಕ್ ಆಗಿದ್ದಾನಂತೆ, ಊರೂರು ತಿರುಗಿ ಆ ನೀಲಿ ಮಷಿನ್‌ಗಳನ್ನು ರಿಪೇರಿ ಮಾಡುವುದು. ಕೆಲಸ ಹೇಗಿದೆ ಅಂದೆ.

"ಛಲೋ ಐತ್ರಿ. ಸೇರೂ ಮುಂದ ಮೂರು ದಿವಸ ಟ್ರೇನಿಂಗ್ ಕೊಟ್ರು."

"ಎದರ ಟ್ರೇನಿಂಗ್?"

"ಮಷಿನ್ ಹೆಂಗ ನಡೀತೈತಿ ಅಂತ್ರಿ. ಸಣ್ಣ ವಯಸ್ಸಿನ ಇಂಜಿನಿಯರ್, ಪಾಪ, ಭಾಳ ಶಾಂತ ರೀತಿಲೆ ಎಲ್ಲಾ ಬಿಚ್ಚಿ ತೋರಿಸಿ ತಿಳಿಸಿ ಹೇಳಿದ. ಕಡೀಕ, ತಿಳೀತನ್ರಿ ಅಂತ ಕೇಳಿದ."

"ನೀವೇನಂದ್ರಿ?"

"ತಿಳೀತ್ರಿ ಸರ್ ಅಂದೆ" ಎಂದು ಹೇಳಿ ಅವನು ಬ್ಯಾಡಗಿ ಬಸ್ ಹತ್ತಿದ.